ರಾಳಗೇರಿಯ ಸಾಮಾನ್ಯ

ನಮ್ಮೂರಿನಲ್ಲಿ ಕೇರಿಗೊಬ್ಬ ಸಾಮಾನ್ಯನಿದ್ದಾನೆ. ಕುಂಬಾರಗೇರಿಗೆ ಒಬ್ಬ, ಕಮ್ಮಾರಗೇರಿಗೆ ಒಬ್ಬ, ನೇಕಾರಗೇರಿಗೆ ಒಬ್ಬ, ರಾಳಗೇರಿಗೆ ಒಬ್ಬ. ಇದನ್ನು ಕೇಳಿದ ಪರವೂರಿನವರು ನಗುತ್ತಾರೆ. ಸಾಮಾನ್ಯರಿಗೇನು ಬರ, ಊರ ತುಂಬ ಇರುವವರು ಅವರೇ ಅಲ್ಲವೇ ಎನ್ನುತ್ತಾರೆ. ನಗಲಿ. ಅದು ನಮ್ಮಲ್ಲಿ ಒಂದು ಪದವಿ. ಆ ಪದವಿಗೆ ಜನ ಸಿಗುವುದು ಎಷ್ಟು ಕಷ್ಟ ಎಂಬುದು ನಮಗೇ ಗೊತ್ತು.

ಸಾಮಾನ್ಯನಾದವನಿಗೆ ತನ್ನ ಕೇರಿಯಲ್ಲಿ ಈವರೆಗೆ ಯಾರು ಏನೇನು ಮಾಡಿದ್ದಾರೋ ಅದೆಲ್ಲ ಗೊತ್ತಿರಬೇಕು. ಬದುಕಿರುವವರ ಕೆಲಸ ಗೊತ್ತಿರಬೇಕು, ಸತ್ತವರ ಕೆಲಸ ಗೊತ್ತಿರಬೇಕು, ಕೆಟ್ಟುಹೋದ ಕೆಲಸ ಗೊತ್ತಿರಬೇಕು, ನದಿಯಾಚೆಯ ಊರಿನಲ್ಲಿ ಯಾರೋ ಮಾಡಿ ಮರೆತದ್ದೂ ಗೊತ್ತಿರಬೇಕು. ಆದರೆ ಅವನಿಗೆ ತಾನಾಗಿ ಏನೂ ಹೊಳೆಯಬಾರದು. ಇದ್ದದ್ದಕ್ಕೆ ಇದ್ದದ್ದನ್ನು ಜೋಡಿಸುವಷ್ಟು ಹೊಳೆದರೆ ತಪ್ಪಿಲ್ಲ. ಅದಕ್ಕಿಂತ ಒಂದು ಹೆಜ್ಜೆ ಆಚೆ ಹೊಳೆಯಿತೋ, ಕೆರೆಗೆ ಹೋಗಿ ಮೂರು ಮುಳುಗು ಹಾಕಿ ಹೊಳೆದದ್ದನ್ನು ನೀರಿಗೆ ಬಿಟ್ಟು ಬರಬೇಕು. ನಮ್ಮ ಕೆರೆಯ ಮೀನು ಗಾಳಕ್ಕೆ ಬೀಳದಷ್ಟು ಜಾಣವಾಗಿರುವುದು ಅದಕ್ಕೇ ಎಂದು ಊರಲ್ಲಿ ತಮಾಷೆ ಮಾಡುತ್ತಾರೆ.

ನನ್ನನ್ನು ಕೇಳಿದರೆ ಬುದ್ಧಿವಂತನಾಗುವುದು ಸುಲಭ. ಬುದ್ಧಿ ಬಂದಾಗ ಬರುತ್ತದೆ, ಬಂದವನು ಮೀಸೆ ತಿರುವುತ್ತಾನೆ. ಎಲ್ಲವನ್ನೂ ಬಲ್ಲವನಾಗಿಯೂ ಸಾಮಾನ್ಯನಾಗಿಯೇ ಉಳಿಯಲು ಗುಂಡಿಗೆ ಬೇಕು. ರಾಳಗೇರಿಯ ಸಾಮಾನ್ಯ ಮೂವತ್ತೆರಡು ವರ್ಷ ಹಾಗೆ ಉಳಿದಿದ್ದ. ಮರದ ರಾಳವನ್ನು ಎಷ್ಟು ಕಾಯಿಸಿದರೆ ನೂಲೆಳೆಯಾಗುತ್ತದೆ, ಎಷ್ಟು ಕಾಯಿಸಿದರೆ ಕಲ್ಲಾಗುತ್ತದೆ, ಯಾವ ಕಾಲದಲ್ಲಿ ಯಾವ ತಾತ ಯಾವ ದೋಣಿಯ ಬಿರುಕಿಗೆ ಅದನ್ನು ತುಂಬಿದ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವನಿಗೆ ಆಶ್ಚರ್ಯವಾದದ್ದನ್ನು ಯಾರೂ ಕಂಡಿರಲಿಲ್ಲ.

ಇನ್ನು ಪರೀಕ್ಷಕ. ಊರಿನ ನಡುವೆ ಹಳೆಯದರ ಮನೆ ಎಂದು ಒಂದು ಮನೆಯಿದೆ. ಈ ನೆಲದಲ್ಲಿ ಮನುಷ್ಯರು ಮಾಡಿದ ಪ್ರತಿಯೊಂದರ ಒಂದು ಚೂರೋ, ಒಂದು ಚಿತ್ರವೋ, ಒಂದು ಸಾಲಿನ ಬರಹವೋ ಅಲ್ಲಿದೆ. ಪರೀಕ್ಷಕ ಅಲ್ಲೇ ಇರುತ್ತಾನೆ. ಬೆಳಗ್ಗೆ ಎದ್ದು ತಣ್ಣೀರಿನಲ್ಲಿ ಎರಡು ಸಲ ಕಣ್ಣು ತೊಳೆಯುತ್ತಾನೆ. ಮೊದಲ ಸಲ ನಿದ್ದೆ ಹೋಗಲು, ಎರಡನೆಯ ಸಲ ನಿನ್ನೆ ನೋಡಿದ್ದು ಹೋಗಲು. ಯಾರಾದರೂ ಏನಾದರೂ ಹೊಸದು ತಂದೆ ಎಂದರೆ ಅದು ಮೊದಲೇ ಇತ್ತೇ ಎಂದು ಹುಡುಕುವುದು ಅವನ ಕೆಲಸ. ಸಿಗಲಿ ಎಂದು ಅವನು ಹುಡುಕುವುದಿಲ್ಲ, ಸಿಗದಿರಲಿ ಎಂದೂ ಹುಡುಕುವುದಿಲ್ಲ. ಹುಡುಕುತ್ತಾನೆ, ಅಷ್ಟೇ.

ಹೊಸದು ತರುವುದಕ್ಕೆ ನಮ್ಮಲ್ಲಿ ಇಷ್ಟು ಬೆಲೆ ಯಾಕೆಂದರೆ, ನಮ್ಮೂರಿನಲ್ಲಿ ಹುಟ್ಟಿದ ಕೇರಿಯ ಕೆಲಸವೇ ಸಾಯುವತನಕದ ಕೆಲಸ. ಕುಂಬಾರನ ಮಗಳು ಸುತ್ತಿಗೆ ಮುಟ್ಟುವಂತಿಲ್ಲ, ಕಮ್ಮಾರನ ಮಗ ಲಾಳಿ ಎಸೆಯುವಂತಿಲ್ಲ. ದಾಟಲು ಒಂದೇ ದಾರಿ. ಇನ್ನೊಂದು ಕೇರಿಯ ಕೆಲಸದಲ್ಲಿ, ಆ ಕೇರಿಯ ಸಾಮಾನ್ಯನಿಗೆ ಹೊಳೆಯದಂಥದ್ದೊಂದನ್ನು ಮಾಡಿ ತರಬೇಕು. ತಂದರೆ ಮುದ್ರೆ ಬೀಳುತ್ತದೆ, ಗಡಿ ತೆರೆಯುತ್ತದೆ, ಇಪ್ಪತ್ತು ವರ್ಷ ಅದನ್ನು ಅವರ ಅಪ್ಪಣೆಯಿಲ್ಲದೆ ಬೇರೆಯವರು ಮಾಡುವಂತಿಲ್ಲ. ಬದಲಿಗೆ, ಅದನ್ನು ಮಾಡಿದ ಬಗೆಯನ್ನು ಒಂದಿಷ್ಟೂ ಬಚ್ಚಿಡದೆ ಊರಿಗೆ ಹೇಳಬೇಕು. ಕೇಳಲು ಮೂರು ಸಲ ಅವಕಾಶ. ಮೂರೂ ಸಲ ಬಿದ್ದುಹೋದರೆ ಹುಟ್ಟಿದ ಕೇರಿಗೆ ಹಿಂದಿರುಗಿ ಮತ್ತೆ ಈ ಕಡೆ ಕೈ ಚಾಚಬಾರದು.

ಅವಳು ಬಂದದ್ದು ನೇಕಾರಗೇರಿಯಿಂದ. ನೇಕಾರಗೇರಿಯೆಂದರೆ ಮಗ್ಗದ ಮೇಲೆ ಕೂರುವವರ ಸಾಲಿನಿಂದಲ್ಲ, ಹಿಂದಿನ ಸಾಲಿನಿಂದ. ಅಲ್ಲಿ ನೂಲಿಗೆ ಹಾಕುವ ಗಂಜಿ ಕಾಯಿಸುತ್ತಾರೆ. ಮೂರು ದಿನ ತೊಟ್ಟಿಯಲ್ಲಿ ಹುಳಿಬರಿಸಿದ ಗಂಜಿ. ಅದರ ವಾಸನೆ ಸೀರೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಮದುವೆಯ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಎಲೆ ಎತ್ತಿಕೊಂಡು ಆಚೆ ಸರಿಯುತ್ತಾರೆ. ಅವಳ ತಾಯಿ ನಲವತ್ತು ವರ್ಷ ಆ ತೊಟ್ಟಿಯ ಮುಂದೆ ಕೂತಿದ್ದಳು. ಮಗಳಿಗೆ ಅಲ್ಲಿ ಕೂರುವ ಮನಸ್ಸಿರಲಿಲ್ಲ. ತನ್ನನ್ನು ಯಾರಾದರೂ ಕೇಳಿದರೆ ನೂಲಿನವಳು ಎನ್ನುತ್ತಿದ್ದಳು. ನಾವೂ ಹಾಗೇ ಕರೆಯೋಣ.

ನೂಲಿನವಳು ತಂದದ್ದು ಒಂದು ಅಡ್ಡೆ, ಹೊರೆ ತೂಗುಹಾಕಿ ಹೊರುವ ಕೋಲು. ನಮ್ಮದು ಗುಡ್ಡದ ಊರು. ನೀರು, ಕಾಳು, ಕಲ್ಲು, ಬಾಣಂತಿ, ಎಲ್ಲವೂ ಹೆಗಲ ಮೇಲಿನ ಅಡ್ಡೆಯಲ್ಲೇ ಮೇಲೇರಬೇಕು. ಮರದ ಅಡ್ಡೆ ಮುರಿಯುತ್ತದೆ, ಕಬ್ಬಿಣದ ಅಡ್ಡೆ ಹೊರುವವನನ್ನೇ ಮುರಿಯುತ್ತದೆ. ಅವಳು ತಂದದ್ದು ಮರವೂ ಅಲ್ಲ, ಕಬ್ಬಿಣವೂ ಅಲ್ಲ. ಜೇನಿನ ಬಣ್ಣ, ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ಚಾವಡಿಯ ಮುಂದೆ ಇಬ್ಬರು ಹೊರೆಯಾಳುಗಳು ಅದಕ್ಕೆ ಎರಡು ಬೀಸುವ ಕಲ್ಲು ತೂಗುಹಾಕಿ ಹೆಗಲ ಮೇಲಿಟ್ಟುಕೊಂಡರು. ಅಡ್ಡೆ ಬಾಗಿತು. ಇನ್ನೇನು ಮುರಿಯಿತು ಎಂದು ಹೆಂಗಸರು ಕಣ್ಣು ಮುಚ್ಚಿದರು. ಅದು ಬಾಗಿ, ನಿಂತು, ಕಲ್ಲು ಇಳಿಸಿದ ಮೇಲೆ ಮತ್ತೆ ನೆಟ್ಟಗಾಯಿತು. ಹೊರೆಯಾಳುಗಳಲ್ಲಿ ಹಿರಿಯವನು ಅದನ್ನು ಕೆಳಗಿಡಲಿಲ್ಲ. ಎದೆಗೆ ಒತ್ತಿಕೊಂಡು ನಿಂತೇ ಇದ್ದ.

ತರುವವರು ವಸ್ತುವಿನ ಜೊತೆ ಒಂದು ಕಾಗದವನ್ನೂ ತರಬೇಕು. ಕಾಗದದ ಮೇಲಿನ ಭಾಗ ಕೇಳಿಕೆ. ನನ್ನದೆಂದು ಕೇಳುತ್ತಿರುವುದು ಇಷ್ಟು ಎಂದು ಅಲ್ಲಿ ಬರೆಯಬೇಕು. ಕೆಳಗಿನ ಭಾಗ ಹೇಳಿಕೆ. ಮಾಡಿದ್ದು ಹೇಗೆ ಎಂದು ಅಲ್ಲಿ ಬರೆಯಬೇಕು. ಕಾಗದವನ್ನು ಚಾವಡಿಗೆ ಒಪ್ಪಿಸಿದ ಮೇಲೆ ಅದಕ್ಕೆ ಹೊರಗಿನಿಂದ ಒಂದಕ್ಷರವೂ ಸೇರುವಂತಿಲ್ಲ. ಹೊಡೆದು ಹಾಕಬಹುದು, ಕೆಳಗಿನದನ್ನು ಮೇಲಕ್ಕೆ ಎತ್ತಿಕೊಳ್ಳಬಹುದು. ಕೇಳಿಕೆಯನ್ನು ಮಾತ್ರ ತಂದವರು ತಮ್ಮ ಬಾಯಿಂದಲೇ ಊರ ಮುಂದೆ ಓದಬೇಕು.

ಮೊದಲನೆಯ ದಿನ ನೂಲಿನವಳು ತಲೆಯೆತ್ತಿ ಓದಿದಳು: “ನಾರನ್ನು ರಾಳದಲ್ಲಿ ಕೂಡಿಸಿ ಮಾಡಿದ ಗಟ್ಟಿ ವಸ್ತುಗಳೆಲ್ಲ ನನ್ನವು.”

ಜನ ಹೋ ಎಂದರು. ನಾನೂ ಹೋ ಎಂದೆ. ಈಗ ನೆನೆದರೆ ನಗು ಬರುತ್ತದೆ. ಅಂಗೈಯಗಲ ಜಾಗ ಕೇಳಬೇಕಾದವಳು ಆಕಾಶಕ್ಕೆ ಬೇಲಿ ಹಾಕಲು ಹೊರಟಿದ್ದಳು.

ಪರೀಕ್ಷಕ ಒಳಗೆ ಹೋದ. ನಾಲ್ಕು ದಿನ ಹೊರಗೆ ಬರಲಿಲ್ಲ. ಐದನೆಯ ದಿನ ಮೊರದ ಮೇಲೆ ಬಿಳಿಬಟ್ಟೆ ಮುಚ್ಚಿಕೊಂಡು ಬಂದು, ಚಾವಡಿಯ ನಡುವೆ ಇಟ್ಟು, ಬಟ್ಟೆ ತೆಗೆದ. ನೀರು ಸೋರದಿರಲೆಂದು ಯಾವ ಕಾಲದವರೋ ರಾಳ ಬಳಿದಿದ್ದ ನಾರಿನ ಬುಟ್ಟಿಯ ಚೂರು ಅಲ್ಲಿತ್ತು. ಕಲ್ಲಿನಷ್ಟು ಗಟ್ಟಿಯಾಗಿತ್ತು.

“ಇದು ಇತ್ತು, ತಾಯಿ,” ಎಂದ ಪರೀಕ್ಷಕ.

ಅವನು ಇಲ್ಲವೆನ್ನುವಾಗ ದನಿ ಏರಿಸುವುದಿಲ್ಲ, ಇಳಿಸುವುದೂ ಇಲ್ಲ. ಇಲ್ಲವೆನ್ನಿಸಿಕೊಂಡವರು ಅವನನ್ನು ಬೈದದ್ದನ್ನು ನಾನು ಕೇಳಿಲ್ಲ. ಬುಟ್ಟಿಯ ಚೂರನ್ನು ಅವಳ ಕೈಗೇ ಕೊಟ್ಟ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಚೆನ್ನಾಗಿ ಮಾಡಿದಾರೆ ಸ್ವಾಮಿ,” ಎಂದು ಹಿಂದಕ್ಕೆ ಕೊಟ್ಟಳು. ಒಂದು ಅವಕಾಶ ಹೋಯಿತು. ಸಾಮಾನ್ಯನನ್ನು ಕೇಳುವ ಪ್ರಸಂಗವೇ ಬರಲಿಲ್ಲ.

ಎರಡನೆಯ ಸಲ ಅವಳು ಕೇಳಿಕೆಯನ್ನು ಕಡಿದು ಚಿಕ್ಕದು ಮಾಡಿಕೊಂಡು ಬಂದಳು. “ನೂಲನ್ನು ಹಾಸುಹೊಕ್ಕಾಗಿ ಏಳು ಪದರ ಸುತ್ತಿ, ಪದರ ಪದರಕ್ಕೂ ಬಿಸಿ ರಾಳ ಹೊಯ್ದು, ಬಿಸಿಲಿನಲ್ಲಿ ಗಟ್ಟಿಮಾಡಿದ ಅಡ್ಡೆ ನನ್ನದು.”

ಪರೀಕ್ಷಕ ಒಳಗೆ ಹೋದ. ಒಂಬತ್ತು ದಿನ ಹೊರಗೆ ಬರಲಿಲ್ಲ. ಹತ್ತನೆಯ ದಿನ ಮೊರದ ಮೇಲೆ ಎರಡು ವಸ್ತು ಇದ್ದವು. ಒಂದು, ಪ್ರಾಣಿಯ ನರವನ್ನು ಪದರ ಪದರವಾಗಿ ಸುತ್ತಿ ಅಂಟಿನಲ್ಲಿ ಕೂಡಿಸಿದ ಬೇಟೆಗಾರನ ಬಿಲ್ಲು. ಇನ್ನೊಂದು, ಹಾಸುಹೊಕ್ಕಿನ ಬಟ್ಟೆಯನ್ನು ರಾಳದಲ್ಲಿ ಅದ್ದಿ ದೋಣಿಗೆ ಹಾಕಿದ್ದ ತೇಪೆ.

“ಎರಡರಲ್ಲಿ ಯಾವುದೂ ನಿಮ್ಮ ಅಡ್ಡೆಯಲ್ಲ, ತಾಯಿ. ಆದರೆ ಎರಡನ್ನೂ ಬಲ್ಲವನಿಗೆ ನಿಮ್ಮ ಅಡ್ಡೆ ಹೊಳೆಯುತ್ತಿತ್ತೇ ಎಂದು ಕೇಳಬೇಕು.” ಆಮೇಲೆ ರಾಳಗೇರಿಯ ಸಾಮಾನ್ಯನ ಕಡೆ ತಿರುಗಿ ಕೇಳಿದ: “ಹೊಳೆಯುತ್ತಿತ್ತೇ?”

ಸಾಮಾನ್ಯ ಕೂತಲ್ಲೇ ಉತ್ತರ ಕೊಡುವಂತಿಲ್ಲ. ಕಂಡ ಮೇಲೆ ಯಾರಿಗೆ ತಾನೇ ಹೊಳೆಯುವುದಿಲ್ಲ? ಅದಕ್ಕೇ ಅವನು ಹಿಂದಕ್ಕೆ ನಡೆಯಬೇಕು. ಮುಖ ಚಾವಡಿಯ ಕಡೆಗೇ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ತಂದವಳು ತಂದದ್ದಕ್ಕಿಂತ ಹಿಂದಿನ ದಿನದವರೆಗೆ ನಡೆಯಬೇಕು. ಹೆಜ್ಜೆಗೊಂದು ದಿನ ಕಳಚುತ್ತದೆ. ಕಂಡದ್ದು ಕಾಣದಂತಾಗುತ್ತದೆ, ಕೇಳಿದ್ದು ಕೇಳದಂತಾಗುತ್ತದೆ. ಅಲ್ಲಿ ನಿಂತು, ಅಂದು ತನಗೆ ಗೊತ್ತಿದ್ದಷ್ಟನ್ನೇ ಮುಂದಿಟ್ಟುಕೊಂಡು, ಹೊಳೆಯುತ್ತದೆಯೇ ಎಂದು ಕಾಯಬೇಕು. ಆಮೇಲೆ ಮುಂದಕ್ಕೆ ನಡೆದು ಬಂದು ಹೇಳಬೇಕು. ಬೇರೆ ಊರುಗಳಲ್ಲಿ ಇದನ್ನು ಮಾಡಬಲ್ಲವರು ಇದ್ದಾರೋ ಇಲ್ಲವೋ ತಿಳಿಯದು. ನಾನು ಒಮ್ಮೆ ಮನೆಯಂಗಳದಲ್ಲಿ ಪ್ರಯತ್ನಿಸಿ ನೋಡಿದೆ, ತುಳಸಿಕಟ್ಟೆಗೆ ಎಡವಿ ಬಿದ್ದೆ.

ಸಾಮಾನ್ಯ ಹಿಂದಕ್ಕೆ ನಡೆದ. ಬಾವಿಕಟ್ಟೆ ದಾಟುವಷ್ಟರಲ್ಲಿ ಅವನ ಮುಖದಲ್ಲಿ ನಮ್ಮ ಗುರುತೇ ಇರಲಿಲ್ಲ. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತಿನಲ್ಲಿ ಮರಳಿ ಬಂದ.

“ಹೊಳೆಯುತ್ತಿತ್ತು,” ಎಂದ. “ಬಿಲ್ಲು ಕಂಡಿದ್ದೆ, ತೇಪೆ ಕಂಡಿದ್ದೆ. ಒಂದು ದಿನ ಅಡ್ಡೆ ಮುರಿದಿದ್ದರೆ ಎರಡನ್ನೂ ಸೇರಿಸಿ ಇದನ್ನು ಮಾಡುತ್ತಿದ್ದೆ.”

ರಾಳಗೇರಿಯವರಿಗೆ ಹಿಗ್ಗೋ ಹಿಗ್ಗು. ಗಂಜಿ ವಾಸನೆಯವಳು ತಮ್ಮ ಒಲೆಯ ಮುಂದೆ ಬಂದು ಕೂರುವುದು ಅವರಿಗೆ ಬೇಕಿರಲಿಲ್ಲ. ನೂಲಿನವಳು ಅಡ್ಡೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ತಾಯಿ ಹಿಂದಿನಿಂದ ಬಂದು ಅವಳ ಭುಜ ಮುಟ್ಟಿ, “ಆ ಯಜಮಾನ್ರು ಸುಳ್ಳು ಹೇಳ್ಲಿಲ್ಲ ಕಣವ್ವ. ಸುಳ್ಳು ಹೇಳೋ ಮುಖ ಅಲ್ಲ ಅದು. ಬಾ, ಮನೇಗೋಗಣ,” ಎಂದಳು.

ಇಲ್ಲಿಗೆ ಯಾರಾದರೂ ಪುಸ್ತಕ ಮುಚ್ಚಿಬಿಡುತ್ತಿದ್ದರು. ಪರೀಕ್ಷಕ ಮುಚ್ಚಿದ್ದರೂ ಅವನನ್ನು ಕೇಳುವವರಿರಲಿಲ್ಲ. ಹುಡುಕಿದ್ದ, ಸಿಕ್ಕಿತ್ತು, ಸಾಮಾನ್ಯ ಹೇಳಿದ್ದ. ಆದರೆ ರಾಳಗೇರಿಯವರು ಸುಮ್ಮನಿರಲಾರದೆ ಒಂದು ಉಪಕಾರ ಮಾಡಿದರು. ನಮಗೂ ಹೊಳೆಯುತ್ತಿತ್ತಲ್ಲ, ನೋಡಿ ಎಂದು, ಬಿಲ್ಲಿನ ಬಗೆಯನ್ನೂ ತೇಪೆಯ ಬಗೆಯನ್ನೂ ಸೇರಿಸಿ ಹನ್ನೆರಡು ಅಡ್ಡೆ ಮಾಡಿ ಚಾವಡಿಯ ಗೋಡೆಗೆ ಒರಗಿಸಿಟ್ಟರು. ಅದೇ ನೂಲು, ಅದೇ ರಾಳ, ಅದೇ ಏಳು ಪದರ. ನೋಡಲು ಅವಳದಕ್ಕಿಂತ ಅಂದವಾಗಿಯೇ ಇದ್ದವು. ಪರೀಕ್ಷಕ ಅವಳ ಅಡ್ಡೆಯನ್ನೂ ಅವುಗಳ ಪಕ್ಕದಲ್ಲೇ ಇಡಿಸಿದ. ಬಿಸಿಲು ಬಿತ್ತು, ಇಬ್ಬನಿ ಬಿತ್ತು, ಮತ್ತೆ ಬಿಸಿಲು ಬಿತ್ತು. ಏಳನೆಯ ದಿನ ಹನ್ನೆರಡೂ ಅಡ್ಡೆಗಳು ಈರುಳ್ಳಿಯ ಹಾಗೆ ಸಿಪ್ಪೆ ಬಿಟ್ಟವು. ಪದರದಿಂದ ಪದರ ಎದ್ದು ನಿಂತಿತು. ನೂಲನ್ನು ರಾಳ ಕೈಬಿಟ್ಟಿತ್ತು. ಅವಳ ಅಡ್ಡೆ ಮಾತ್ರ ಹೇಗಿತ್ತೋ ಹಾಗೇ ಇತ್ತು.

ಪರೀಕ್ಷಕ ಆ ಹದಿಮೂರರ ಮುಂದೆ ಬಹಳ ಹೊತ್ತು ಕುಕ್ಕುರುಗಾಲಿನಲ್ಲಿ ಕೂತಿದ್ದನಂತೆ. ಆಮೇಲೆ ಒಳಗೆ ಹೋಗಿ ಅವಳ ಕಾಗದ ತೆಗೆದು ಮೊದಲಿನಿಂದ ಓದಿದ. ಮುಗಿಸಿ ಮತ್ತೆ ಓದಿದ. ಅವಳ ಕೇಳಿಕೆ ಒಂದು ಸಾಲು, ಹೇಳಿಕೆ ನಲವತ್ತು ಹಾಳೆ. ಮಾಡಿದ್ದನ್ನೆಲ್ಲ ಬರೆದಿದ್ದಳು. ಸುಟ್ಟುಕೊಂಡದ್ದು, ಚೆಲ್ಲಿಕೊಂಡದ್ದು, ರಾಳ ಹೆಪ್ಪುಗಟ್ಟಿ ಪಾತ್ರೆಯೇ ಹಾಳಾದದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಗೆದ್ದದ್ದನ್ನು ಬರೆಯುವವರು ಬೇಕಾದಷ್ಟು ಸಿಗುತ್ತಾರೆ. ಸೋತದ್ದನ್ನು ದಿನ ಹಾಕಿ ಬರೆಯುವವರನ್ನು ಕಂಡರೆ ನಾನು ಕೈಮುಗಿಯುತ್ತೇನೆ. ಪರೀಕ್ಷಕ ಹನ್ನೊಂದನೆಯ ಸಲ ಓದುವಾಗ ಮೂವತ್ತೊಂದನೆಯ ಹಾಳೆಯಲ್ಲಿ ನಿಂತ. ಅಲ್ಲಿ ಹೀಗಿತ್ತು: “ಈ ಸಲ ತೊಟ್ಟಿಯಲ್ಲಿ ಹುಳಿಗಂಜಿ ಮುಗಿದಿತ್ತು. ತೊಳೆದ ನೂಲನ್ನೇ ಸುತ್ತಿದೆ. ಏಳನೆಯ ದಿನ ಪದರ ಬಿಟ್ಟಿತು. ಮತ್ತೆ ಗಂಜಿಯ ನೂಲಿಗೇ ಬಂದೆ.”

ಅವನು ಎದ್ದು ಹಳೆಯದರ ಮನೆಯಲ್ಲಿ ರಾಳಗೇರಿಯ ಕಪಾಟುಗಳನ್ನೆಲ್ಲ ಮತ್ತೆ ತೆರೆದ. ನೂರಾರು ವರ್ಷದ ಬರಹ. ಎಲ್ಲದರಲ್ಲೂ ಒಂದೇ ಮಾತು: ನೂಲನ್ನು ಮೂರು ಸಲ ತೊಳೆ, ಗಂಜಿಯ ಸುಳಿವೂ ಇರದಂತೆ ತೊಳೆ, ಮಡಿಯಾದ ನೂಲನ್ನೇ ರಾಳ ಹಿಡಿಯುವುದು. ತೊಳೆಯಬೇಡ ಎಂದು ಬರೆದವರು ಒಬ್ಬರೂ ಇರಲಿಲ್ಲ.

ಪರೀಕ್ಷಕ ಅವಳನ್ನು ಕರೆಸಿದ. ಅವಳು ಬಂದು ಹೊಸ್ತಿಲಾಚೆ ನಿಂತಳು.

“ತಾಯಿ, ಮೂವತ್ತೊಂದನೆಯ ಹಾಳೆ ನೀವೇ ಬರೆದದ್ದಾ?”

“ಹೂಂ ಸ್ವಾಮಿ. ಅದು ಕೆಟ್ಟೋದ ಕೆಲಸ. ಬಚ್ಚಿಡಬಾರದು ಅಂತಾರಲ್ಲ, ಅದಕ್ಕೆ ಬರೆದೆ.”

“ಇದು ಕೆಳಗೆ ಯಾಕಿದೆ?”

ಅವಳಿಗೆ ಅರ್ಥವಾಗಲಿಲ್ಲ. “ಇನ್ನೆಲ್ಲಿರಬೇಕು ಸ್ವಾಮಿ? ಗಂಜಿ ಹಾಕೋದು ಒಂದು ಹೇಳೋ ಮಾತಾ? ನಮ್ಮ ಮನೇಲಿ ಎದ್ದರೆ ಅದೇ, ಕೂತರೆ ಅದೇ. ನೂಲು ಅಂದಮೇಲೆ ಗಂಜಿ ಇದ್ದೇ ಇರ್ತದೆ. ರಾಳಗೇರಿಯೋರೂ ಹಾಕೇ ಹಾಕ್ತಾರೆ.”

ಪರೀಕ್ಷಕ ಕಿಟಕಿಯಾಚೆ ಗೋಡೆಗೆ ಒರಗಿದ್ದ ಹನ್ನೆರಡು ಅಡ್ಡೆಗಳ ಕಡೆ ನೋಡಿದ. ಅವಳೂ ನೋಡಿದಳು. ಎದ್ದು ನಿಂತ ಪದರಗಳನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಬೆಳಕು ಬಂತು, ಹಿಂದೆಯೇ ಅದು ಆರಿಹೋಯಿತು.

“ಅದನ್ನ ಮೇಲಕ್ಕೆ ಎತ್ಕೊಂಡರೆ ಊರ ಮುಂದೆ ನನ್ನ ಬಾಯಿಂದಾನೇ ಓದಬೇಕು, ಅಲ್ವಾ ಸ್ವಾಮಿ?”

“ಹೌದು.”

“ಹುಳಿಗಂಜಿ ಅಂತ.”

“ಏನು ಕೇಳಬೇಕು ಅನ್ನೋದನ್ನ ಕೇಳುವವರೇ ತೀರ್ಮಾನಿಸಬೇಕು, ತಾಯಿ. ನಾನು ಹೇಳಿಕೊಡುವ ಹಾಗಿಲ್ಲ. ಇದು ಕೆಳಗೆ ಯಾಕಿದೆ ಅಂತ ಕೇಳಿದೆ, ಅಷ್ಟೇ.”

ಅವಳ ದನಿ ಒಡೆಯಿತು. “ಆ ತೊಟ್ಟಿ ಬಿಟ್ಟು ಬರೋಕೆ ಅಂತಾನೇ ನಾನು ಇಷ್ಟೆಲ್ಲ ಮಾಡಿದ್ದು. ಈಗ ಅದೇ ತೊಟ್ಟೀನ ತಲೆ ಮೇಲೆ ಹೊತ್ಕೊಂಡು ಬಾ ಅಂತೀರಲ್ಲ!”

ಪರೀಕ್ಷಕ ತಲೆ ತಗ್ಗಿಸಿದ. ಬಾ ಎಂದು ಅವನು ಹೇಳಿರಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು.

ಮೂರು ದಿನ ಅವಳು ಚಾವಡಿಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಸಂಜೆ ತಾಯಿ ತೊಟ್ಟಿಯ ಗಂಜಿ ಕಲಕುತ್ತ ಕೇಳಿದಳು, “ಏನಂತೆ ಅವರದು?”

“ಅಡ್ಡೆ ನಿಂತಿರೋದು ನಮ್ಮ ಗಂಜಿಯಿಂದ ಅಂತ ಕಾಣ್ತದೆ. ಊರ ಮುಂದೆ ಅದರ ಹೆಸರು ಹೇಳಬೇಕಾಗ್ತದೆ.”

ತಾಯಿಗೆ ನಗು ತಡೆಯಲಾಗಲಿಲ್ಲ. ಕಲಕುವ ಕೋಲು ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, “ನಿಂಗೆ ನಾಚಿಕೆ ಆಗ್ತದಾ?” ಎಂದಳು.

“ಆಗ್ತದೆ.”

“ಆದರೆ ಆಗಲಿ. ನಾಚಿಕೇಲಿ ಹೇಳಿದ್ರೂ ಹೇಳಿದಂಗೇ. ಈಗ ಅನ್ನ ಉಣ್ಣು.”

ಮೂರನೆಯ ಸಲ ಊರಿಗೆ ಊರೇ ಸೇರಿತ್ತು. ಕಟ್ಟಕಡೆಯ ಸಲ. ಇಂದು ಬಿದ್ದರೆ ಅವಳು ಮತ್ತೆ ರಾಳ ಮುಟ್ಟುವಂತಿಲ್ಲ, ಸಾಯುವತನಕ ತೊಟ್ಟಿಯೇ ಗತಿ. ಅದು ಎಲ್ಲರಿಗೂ ಗೊತ್ತಿತ್ತು. ಅವಳು ಓದಿದಳು:

“ನೂಲನ್ನು ತೊಳೆಯದೆ, ಮೂರು ದಿನ ಹುಳಿಬರಿಸಿದ ಗಂಜಿ ಹಾಕಿ ಒಣಗಿಸಿ, ಆ ಗಂಜಿಯ ಮೇಲೆಯೇ ರಾಳ ಹಿಡಿಸಿ ಸುತ್ತಿದ ಅಡ್ಡೆ. ಇಷ್ಟೇ ನನ್ನದು.”

ರಾಳಗೇರಿಯ ಕಡೆಯಿಂದ ನಗು ಎದ್ದಿತು. ಕೇರಿಯ ಹಿರಿಯ ಎದ್ದು ನಿಂತು ಕೂಗಿದ, “ಅಷ್ಟೇನಾ? ಗಂಜಿನಾ? ಇದು ಯಾವನಿಗೆ ಬೇಕಾದ್ರೂ ಹೊಳೀತಿತ್ತು!”

“ಹೊಳೀತಿದ್ದರೆ ನಿಮ್ಮ ಹನ್ನೆರಡು ಅಡ್ಡೆ ಯಾಕಪ್ಪ ಸಿಪ್ಪೆ ಬಿಟ್ವು?” ಎಂದ, ಅಡ್ಡೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ ಹೊರೆಯಾಳು.

ಪರೀಕ್ಷಕ ಕೈಯೆತ್ತಿದ. ಗದ್ದಲ ನಿಂತಿತು. ಈ ಸಲ ಮೊರ ತಂದಿರಲಿಲ್ಲ. “ಮೂವತ್ತೊಂದನೆಯ ಹಾಳೆ ಕಂಡ ದಿನದಿಂದ ಹದಿನೇಳು ದಿನ ಹುಡುಕಿದೆ. ಇದು ಇತ್ತು ಎನ್ನಲು ನನ್ನ ಬಳಿ ಏನೂ ಇಲ್ಲ. ಆದರೆ ಸಿಗದಿದ್ದರೆ ಸಾಲದು,” ಎಂದು ಹೇಳಿ ಸಾಮಾನ್ಯನ ಕಡೆ ತಿರುಗಿದ. “ಹೊಳೆಯುತ್ತಿತ್ತೇ?”

ಸಾಮಾನ್ಯ ಎದ್ದ. ಅವನ ಕೇರಿಯವರು ಅವನ ಪಂಚೆಯ ಅಂಚು ಹಿಡಿದೆಳೆದು, “ನೀನು ನಮ್ಮೋನು, ಮರೀಬೇಡ,” ಎಂದರು. ಅವನು ಅಂಚು ಬಿಡಿಸಿಕೊಂಡು ಹಿಂದಕ್ಕೆ ನಡೆಯತೊಡಗಿದ. ಒಂದು ಹೆಜ್ಜೆ, ಒಂದು ದಿನ. ಒಂದು ಹೆಜ್ಜೆ, ಒಂದು ದಿನ. ಬಾವಿಕಟ್ಟೆ ದಾಟಿದ, ರಾಳಗೇರಿಯ ಬಾಯಿ ದಾಟಿದ, ಕೇರಿಯ ತಿರುವಿನಲ್ಲಿ ಕಾಣದಾದ.

ಎಲೆ ಅಡಿಕೆ ಜಗಿದು ಮುಗಿಯಿತು. ಅವನು ಬರಲಿಲ್ಲ. ಹೊತ್ತು ನೆತ್ತಿಗೇರಿತು. ಅವನು ಬರಲಿಲ್ಲ. ಬುತ್ತಿ ತಂದವರು ಬಿಚ್ಚಿ ಉಂಡರು, ತರದವರಿಗೂ ಕೊಟ್ಟರು. ಮುದುಕ ಹಿಂದಿನ ದಿನಗಳಲ್ಲೇ ಸಿಕ್ಕಿಹಾಕಿಕೊಂಡನೇನೋ ಎಂದು ಯಾರೋ ಅಂದರು. ನೂಲಿನವಳು ನಿಂತಲ್ಲೇ ನಿಂತಿದ್ದಳು. ತಾಯಿ ಕೂರು ಎಂದರೂ ಕೂರಲಿಲ್ಲ. ನೆರಳು ಚಾವಡಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಅವನು ತಿರುವಿನಲ್ಲಿ ಕಾಣಿಸಿಕೊಂಡ. ನಿಧಾನವಾಗಿ ನಡೆದು ಬಂದು ಚಾವಡಿಯ ನಡುವೆ ನಿಂತ.

“ಅಲ್ಲಿ ಹೋಗಿ ಕೂತೆ,” ಎಂದ. “ನೂಲು ಬಂತು, ತೊಳೆದೆ. ಪದರ ಬಿಟ್ಟಿತು. ಇನ್ನೂ ಚೆನ್ನಾಗಿ ತೊಳೆಯಬೇಕಿತ್ತು ಅಂದುಕೊಂಡೆ. ಮತ್ತೆ ನೂಲು ಬಂತು, ಇನ್ನೂ ಚೆನ್ನಾಗಿ ತೊಳೆದೆ. ಪದರ ಬಿಟ್ಟಿತು. ರಾಳ ಬದಲಾಯಿಸಿದೆ, ಬಿಸಿಲು ಬದಲಾಯಿಸಿದೆ. ನಮ್ಮ ತಾತ ಪಕ್ಕದಲ್ಲಿ ಕೂತು ತೊಳೆಯುತ್ತಿದ್ದ, ಅಪ್ಪ ತೊಳೆಯುತ್ತಿದ್ದ. ನೇಕಾರಗೇರಿಯಿಂದ ಬಂದ ಗಂಜಿಯನ್ನು ಮೂರು ತಲೆಮಾರು ಚರಂಡಿಗೆ ಬಿಟ್ಟೆವು. ತೊಳೆಯದೆ ಇದ್ದರೆ ಏನಾದೀತು ಅಂತ ಒಮ್ಮೆ ಹೊಳೆಯಲಿ ಅಂತ ಕಾದೆ. ಬಹಳ ಹೊತ್ತು ಕಾದೆ.”

ಅವನು ನೂಲಿನವಳ ಕಡೆ ನೋಡಿದ.

“ಇಲ್ಲ ತಾಯಿ. ನನಗೆ ಹೊಳೆಯುತ್ತಿರಲಿಲ್ಲ.”

ಮೂವತ್ತೆರಡು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ತನ್ನ ಕೇರಿಯವರ ಮುಂದೆ ಆಡಿದ. ಅವನ ಮುಖ ಸಣ್ಣಗಾಗುತ್ತದೆ ಎಂದು ನಾವು ಕಾದಿದ್ದೆವು. ಆಗಲಿಲ್ಲ. ಎಲ್ಲವೂ ಗೊತ್ತಿದ್ದು ಗೊತ್ತಿದ್ದು ಬೇಸತ್ತವನಿಗೆ ಗೊತ್ತಿಲ್ಲದ್ದೊಂದು ಸಿಕ್ಕಿತ್ತು. ಅವನು ಬಾಯಿ ತುಂಬ ನಗುತ್ತಿದ್ದ. ಅವನ ಹಲ್ಲುಗಳನ್ನು ನಾವು ನೋಡಿದ್ದು ಅಂದೇ. ನೂಲಿನವಳು ಗಳಗಳನೆ ಅತ್ತಳು. ಹೊರೆಯಾಳುಗಳು ಚಪ್ಪಾಳೆ ತಟ್ಟಿದರು. ನನ್ನ ಕಣ್ಣೂ ಒದ್ದೆಯಾಯಿತು, ಅದನ್ನೇಕೆ ಮುಚ್ಚಿಡಲಿ.

ಪರೀಕ್ಷಕ ಕಾಗದಕ್ಕೆ ಮುದ್ರೆ ಒತ್ತಿದ. ಆಮೇಲೆ ಅಡ್ಡೆಯ ತುದಿಯಿಂದ ಬೆರಳುದ್ದ ಕತ್ತರಿಸಿಕೊಂಡು ಹಳೆಯದರ ಮನೆಯೊಳಗೆ ಹೋದ. ಅಲ್ಲಿ ಬಿಲ್ಲಿಗೂ ದೋಣಿಯ ತೇಪೆಗೂ ನಡುವೆ ಸ್ವಲ್ಪ ಜಾಗ ಮಾಡಿ ಅದನ್ನಿಟ್ಟ. “ಇವತ್ತಿನಿಂದ ಇದೂ ಇತ್ತು,” ಎಂದು ಪುಸ್ತಕದಲ್ಲಿ ಬರೆದ. ಇನ್ನು ಮುಂದೆ ಬರುವವರು ಇದನ್ನು ದಾಟಿ ಬರಬೇಕು.

ಮರುದಿನ ಬೆಳಗ್ಗೆ ನೂಲಿನವಳು ರಾಳಗೇರಿಯ ಗಡಿ ದಾಟಿದಳು. ಯಾರೂ ತಡೆಯಲಿಲ್ಲ. ಬಾ ಎಂದವರೂ ಬಹಳ ಇರಲಿಲ್ಲ. ಒಂದು ಮುದುಕಿ ಮಾತ್ರ ತನ್ನ ಒಲೆಯ ಪಕ್ಕದ ಬೂದಿ ಗುಡಿಸಿ ಅವಳಿಗೆ ಜಾಗ ಮಾಡಿಕೊಟ್ಟಳು.

ಅದೇ ಹೊತ್ತಿಗೆ ಸಾಮಾನ್ಯ ಎದುರು ದಿಕ್ಕಿನಲ್ಲಿ ನಡೆದಿದ್ದ. ಊರಿಗೆ ಗೊತ್ತಾದದ್ದು ಅವನಿಗೂ ಗೊತ್ತಿರಬೇಕಲ್ಲ, ಅದು ಅವನ ಪದವಿಯ ಕಟ್ಟಳೆ. ನೇಕಾರಗೇರಿಯ ಮಗ್ಗದ ಸಾಲು ದಾಟಿ ಹಿಂದಿನ ಸಾಲಿಗೆ ಬಂದ. ರಾಳಗೇರಿಯ ಗಂಡಸೊಬ್ಬ ಅಲ್ಲಿಗೆ ಬಂದದ್ದು ಊರು ಕಟ್ಟಿದ ಮೇಲೆ ಅದೇ ಮೊದಲು. ಮಗ್ಗಗಳೆಲ್ಲ ನಿಂತುಹೋದವು. ತಾಯಿ ತೊಟ್ಟಿಯ ಮುಂದೆ ಕೂತಿದ್ದಳು.

“ಅಕ್ಕಾ,” ಎಂದ ಅವನು, “ಗಂಜಿ ಹುಳಿಬರಿಸೋದು ಹೇಗೆ ಅಂತ ಹೇಳಿಕೊಡ್ತೀರಾ?”

ತಾಯಿ ತಲೆಯೆತ್ತಿ ಅವನ ಮುಖ ನೋಡಿದಳು. ಅವನು ಮೂಗು ಮುಚ್ಚಿಕೊಂಡಿರಲಿಲ್ಲ.

“ಹೇಳಿದ್ರೆ ಬರಲ್ಲ ಯಜಮಾನ್ರೇ. ಹದ ಕೈಗೇ ಗೊತ್ತಾಗಬೇಕು,” ಎಂದಳು. ತಾನು ಕೂತಿದ್ದ ಮಣೆಯಿಂದ ಸರಿದು, ಅದನ್ನು ಅವನ ಕಡೆಗೆ ತಳ್ಳಿದಳು.

ಅವನು ಮಣೆಯ ಮೇಲೆ ಕೂತ. ಅಂಗಿಯ ತೋಳು ಮೇಲೇರಿಸಿ, ಹುಳಿಗಂಜಿಯಲ್ಲಿ ಮೊಣಕೈವರೆಗೆ ಕೈಯಿಳಿಸಿದ.